ಬೋಟ್ ಬ್ಯಾಟರಿ ಹಾಳಾಗುವುದು ಕಡಲಲ್ಲಲ್ಲ, ಮಳೆಗಾಲದ ರಜೆಯಲ್ಲಿ: ಆಯ್ಕೆ, ಚಾರ್ಜಿಂಗ್, ನಿರ್ವಹಣೆಯ ಪೂರ್ತಿ ಮಾಹಿತಿ

ಮಲ್ಪೆ: ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟ್‌ಗಳು ಕಡಲಿಗಿಳಿಯಲು ತಯಾರಾಗುವ ಹೊತ್ತು. ಬಲೆ ರಿಪೇರಿ ಆಗಿದೆ, ಬಣ್ಣ ಹೊಡೆದಾಗಿದೆ, ಡೀಸೆಲ್, ಐಸ್ ತುಂಬಿಸಿಯೂ ಆಗಿದೆ. ಸೆಲ್ಫ್ ಹೊಡೆದರೆ ‘ಟಕ್’ ಅಂತ ಒಂದು ಸದ್ದು, ಅಷ್ಟೇ. ಮೇ ಕೊನೆಯಲ್ಲಿ ಒಂದೇ ಏಟಿಗೆ ಇಂಜಿನ್ ಎಬ್ಬಿಸುತ್ತಿದ್ದ ಬ್ಯಾಟರಿ ಆಗಸ್ಟಿನಲ್ಲಿ ಸತ್ತು ಹೋಗಿರುತ್ತದೆ.

ಹೆಚ್ಚಿನವರು ಕಂಪನಿಗೆ ಬೈದು ಹೊಸತು ತರುತ್ತಾರೆ. ಮುಂದಿನ ವರ್ಷವೂ ಅದೇ ಕತೆ. ನಿಜ ಏನೆಂದರೆ, ಬೋಟ್ ಬ್ಯಾಟರಿಗೆ ಕಡಲಲ್ಲಿ ಕಳೆಯುವ ಹತ್ತು ತಿಂಗಳಿಗಿಂತ ದಡದಲ್ಲಿ ಕಳೆಯುವ ಎರಡು ತಿಂಗಳೇ ಹೆಚ್ಚು ಅಪಾಯ. ಆ ಎರಡು ತಿಂಗಳು ಸ್ವಲ್ಪ ಗಮನ ಕೊಟ್ಟರೆ ಬ್ಯಾಟರಿ ಬಾಳಿಕೆ ಖಂಡಿತ ಹೆಚ್ಚುತ್ತದೆ.

ದಡದಲ್ಲೇ ಕೈಕೊಟ್ಟರೆ ಹೋಗುವುದು ಒಂದು ದಿನದ ಸಂಪಾದನೆ. ಆಳಸಮುದ್ರಕ್ಕೆ ಹೋದ ಬೋಟ್ ರಾತ್ರಿ ಇಂಜಿನ್ ಆಫ್ ಮಾಡಿ, ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮಾತು ಬೇರೆ. ವೈರ್‌ಲೆಸ್ ಕೂಡ ಅದೇ ಬ್ಯಾಟರಿಯಲ್ಲಿದ್ದರೆ ಸಹಾಯ ಕೇಳುವ ದಾರಿಯೂ ಮುಚ್ಚಿತು ಎಂದೇ ಅರ್ಥ. ಬ್ಯಾಟರಿ ಡೌನ್ ಆದ ವೈರ್‌ಲೆಸ್‌ನಲ್ಲಿ ಬೇರೆ ಬೋಟ್‌ನವರ ಮಾತು ಕೇಳುತ್ತಿರುತ್ತದೆ. ಆದರೆ ಮಾತಾಡಲು ಬಟನ್ ಒತ್ತಿದ ಕೂಡಲೇ ಸೆಟ್ ಆಫ್ ಆಗ್ತದೆ. ಕೇಳಲು ಅರ್ಧ ಆಂಪಿಯರ್ ಸಾಕು, 25 ವ್ಯಾಟ್‌ನ ಸೆಟ್‌ನಲ್ಲಿ ಮಾತಾಡಲು ಸುಮಾರು 5 ಆಂಪಿಯರ್ ಬೇಕು ಎಂಬುದೇ ಇದಕ್ಕೆ ಕಾರಣ.

ರಜೆಯ 61 ದಿನದಲ್ಲಿ ಆಗುವುದೇನು?

ಬಳಸದೆ ಸುಮ್ಮನೆ ಇಟ್ಟ ಬ್ಯಾಟರಿಯೂ ತನ್ನಷ್ಟಕ್ಕೆ ಖಾಲಿಯಾಗುತ್ತದೆ. ಒಳ್ಳೆಯ ಸ್ಥಿತಿಯ ಬ್ಯಾಟರಿ ತಿಂಗಳಿಗೆ ನೂರಕ್ಕೆ ಸುಮಾರು 3ರಿಂದ 5 ಭಾಗ ಕಳೆದುಕೊಳ್ಳುತ್ತದೆ. ಹಳೆಯದಾದರೆ, ಬಿಸಿ ಜಾಗದಲ್ಲಿದ್ದರೆ ಇನ್ನೂ ಜಾಸ್ತಿ.

ಇದಕ್ಕಿಂತ ದೊಡ್ಡ ಕಳ್ಳ ಬೇರೆ ಉಂಟು. ವೈರ್ ಬಿಚ್ಚದೆ ಬಿಟ್ಟ ಬೋಟ್‌ನಲ್ಲಿ ಎಲ್ಲ ಸ್ವಿಚ್ ಆಫ್ ಇದ್ದರೂ ಜಿಪಿಎಸ್, ಮ್ಯೂಸಿಕ್ ಸಿಸ್ಟಮ್, ಉಪ್ಪುನೀರು ಹಿಡಿದ ಜಾಯಿಂಟ್ ಇತ್ಯಾದಿಗಳಿಂದ ಸಣ್ಣ ಕರೆಂಟ್ ಸೋರುತ್ತಲೇ ಇರುತ್ತದೆ. ಅದು ಬರೀ 50 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್ ಅವರ್ ಹೋಯಿತು. 61 ದಿನಕ್ಕೆ 73 ಆಂಪಿಯರ್ ಅವರ್. 100 ಆಂಪಿಯರ್ ಅವರ್‌ನ ಬ್ಯಾಟರಿಯಲ್ಲಿ ಮುಕ್ಕಾಲು ಭಾಗ ಒಂದು ಬಲ್ಬೂ ಉರಿಯದೆ ಖಾಲಿ.

ಖಾಲಿಯಾದರೆ ಮತ್ತೆ ಚಾರ್ಜ್ ಮಾಡಿದರಾಯಿತು ಎಂದು ಅನಿಸಬಹುದು. ಹಾಗಲ್ಲ. ಬ್ಯಾಟರಿ ಖಾಲಿಯಾಗುವಾಗ ಒಳಗಿನ ಸೀಸದ ಪ್ಲೇಟ್‌ಗಳ ಮೇಲೆ ಲೆಡ್ ಸಲ್ಫೇಟ್ ಪದರ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಅದು ಕರಗುತ್ತದೆ. ವಾರಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗಿ ಪ್ಲೇಟ್‌ಗೆ ಅಂಟಿಕೊಳ್ಳುತ್ತದೆ. ಅಷ್ಟು ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ‘ಚಾರ್ಜ್ ಹಿಡಿಯುವುದಿಲ್ಲ’ ಎಂದು ಅಂಗಡಿಯವರು ಹೇಳುವುದು ಹೆಚ್ಚಾಗಿ ಇದನ್ನೇ.

ಯಾವ ಕೆಲಸಕ್ಕೆ ಯಾವ ಬ್ಯಾಟರಿ?

ಬೋಟ್‌ನಲ್ಲಿ ಬ್ಯಾಟರಿಗೆ ಎರಡು ಬೇರೆ ಬೇರೆ ಕೆಲಸ. ಒಂದು, ಇಂಜಿನ್ ಸ್ಟಾರ್ಟ್ ಮಾಡುವುದು. ಇನ್ನೊಂದು, ಇಂಜಿನ್ ನಿಂತಾಗ ಲೈಟ್, ವೈರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್ ನಡೆಸುವುದು.

ಸೆಲ್ಫ್ ಮೋಟಾರ್ ಕೆಲವೇ ಸೆಕೆಂಡು ನೂರಾರು ಆಂಪಿಯರ್ ಎಳೆಯುತ್ತದೆ. 300 ಆಂಪಿಯರ್‌ನಂತೆ 5 ಸೆಕೆಂಡು ಎಳೆದರೂ ಖರ್ಚಾಗುವುದು ಅರ್ಧ ಆಂಪಿಯರ್ ಅವರ್‌ಗಿಂತ ಕಡಿಮೆ. ಲಾರಿ, ಟ್ರ್ಯಾಕ್ಟರ್‌ಗೆ ಹಾಕುವ ಸ್ಟಾರ್ಟಿಂಗ್ ಬ್ಯಾಟರಿ ಇದಕ್ಕಾಗಿಯೇ ಮಾಡಿದ್ದು. ಅದರ ಪ್ಲೇಟ್‌ಗಳು ತೆಳು, ಸಂಖ್ಯೆ ಹೆಚ್ಚು. ಒಮ್ಮೆಲೇ ಜೋರಾಗಿ ಕೊಟ್ಟು, ಕೂಡಲೇ ಡೈನಮೋದಿಂದ ತುಂಬಿಸಿಕೊಳ್ಳುವುದು ಅದರ ಸ್ವಭಾವ. ಅದರಲ್ಲಿ ರಾತ್ರಿಯಿಡೀ ಲೈಟ್ ಉರಿಸಿ ದಿನಾ ಖಾಲಿ ಮಾಡಿದರೆ ತೆಳು ಪ್ಲೇಟ್‌ಗಳಿಂದ ಪುಡಿ ಉದುರಿ, ಕೆಲವೇ ತಿಂಗಳಲ್ಲಿ ಕತೆ ಮುಗಿಯುತ್ತದೆ.

ಲೈಟ್, ವೈರ್‌ಲೆಸ್‌ಗೆ ಬೇಕಾದದ್ದು ನಿಧಾನವಾಗಿ ಕೊಟ್ಟು, ಆಳಕ್ಕೆ ಖಾಲಿಯಾದರೂ ತಡೆದುಕೊಳ್ಳುವ ಬ್ಯಾಟರಿ. ದಪ್ಪ ಪ್ಲೇಟ್‌ನ ಡೀಪ್ ಸೈಕಲ್ ಅಥವಾ ಟ್ಯೂಬ್ಯುಲರ್ ಬ್ಯಾಟರಿ ಈ ಜಾತಿಗೆ ಸೇರಿದ್ದು. ಮನೆ ಇನ್ವರ್ಟರ್‌ಗೆ ಹಾಕುವುದು ಇದನ್ನೇ. ಆದರೆ ಇನ್ವರ್ಟರ್‌ನ ಎತ್ತರದ ಮಾದರಿ ಬೋಟ್‌ಗೆ ಅಷ್ಟು ಹೊಂದುವುದಿಲ್ಲ. ಅಲೆಗೆ ಓಲಾಡುವಾಗ ಮಗುಚುವ, ಆಸಿಡ್ ಚೆಲ್ಲುವ ಭಯ ಉಂಟು. ಗಿಡ್ಡ ಮಾದರಿ ಸಿಕ್ಕಿದರೆ ಅದೇ ಒಳ್ಳೆಯದು.

ನೀರು ಹಾಕುವ ಕೆಲಸವೇ ಇಲ್ಲದ ಸೀಲ್ ಮಾಡಿದ ಬ್ಯಾಟರಿಗಳೂ ಬರುತ್ತವೆ. ವಾಲಿದರೂ ಚೆಲ್ಲುವುದಿಲ್ಲ ಎಂಬುದು ಬೋಟ್‌ಗೆ ಅನುಕೂಲ. ಆದರೆ ಓವರ್ ಚಾರ್ಜ್ ಆದರೆ ಒಳಗಿನ ನೀರು ಹೋಗ್ತದೆ, ಮತ್ತೆ ತುಂಬಿಸಲು ಆಗುವುದಿಲ್ಲ. ಡೈನಮೋದ ವೋಲ್ಟೇಜ್ ಸರಿಯಿಲ್ಲದ ಹಳೆ ಇಂಜಿನ್‌ಗೆ ಇದನ್ನು ಹಾಕಿ ದುಡ್ಡು ಕಳೆದುಕೊಳ್ಳುವುದು ಬೇಡ.

ಒಟ್ಟಿನಲ್ಲಿ ಬುದ್ಧಿವಂತಿಕೆ ಎಂದರೆ ಎರಡೂ ಬೇರೆ ಬೇರೆ ಇಡುವುದು. ಸ್ಟಾರ್ಟಿಂಗ್ ಬ್ಯಾಟರಿಯನ್ನು ಇಂಜಿನ್ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಬಾರದು. ಡೈನಮೋ ಎರಡನ್ನೂ ಚಾರ್ಜ್ ಮಾಡುವ ಹಾಗೆ, ಆದರೆ ಇಂಜಿನ್ ನಿಂತಾಗ ಒಂದು ಇನ್ನೊಂದನ್ನು ಎಳೆಯದ ಹಾಗೆ ನಡುವೆ ಸ್ಪ್ಲಿಟ್ ಚಾರ್ಜ್ ರಿಲೇ ಅಥವಾ ಬದಲಾವಣೆ ಸ್ವಿಚ್ ಹಾಕಿಸಬೇಕು. ರಾತ್ರಿ ಲೈಟ್ ಎಷ್ಟೇ ಉರಿದರೂ ಬೆಳಿಗ್ಗೆ ಇಂಜಿನ್ ಎಬ್ಬಿಸಲು ಒಂದು ಬ್ಯಾಟರಿ ಫುಲ್ ಇರುತ್ತದೆ. ಬದಲಾವಣೆ ಸ್ವಿಚ್ ಇದ್ದರೆ ಇಂಜಿನ್ ಓಡುತ್ತಿರುವಾಗ ಅದನ್ನು ಪೂರ್ತಿ ಆಫ್ ಮಾಡಬೇಡಿ, ಡೈನಮೋದ ಡಯೋಡ್ ಸುಡಬಹುದು.

ಎಷ್ಟು ಆಂಪಿಯರ್ ಅವರ್ ಬೇಕು?

ಅಂದಾಜಿಗೆ ತರುವ ಬದಲು ಒಂದು ಹಾಳೆಯಲ್ಲಿ ಲೆಕ್ಕ ಹಾಕಬಹುದು. ಇಂಜಿನ್ ನಿಂತಿರುವ 10 ಗಂಟೆಗೆ ಉದಾಹರಣೆ ಹೀಗಿದೆ:

- 10 ವ್ಯಾಟ್‌ನ ಎರಡು ಎಲ್‌ಇಡಿ: 200 ವ್ಯಾಟ್ ಅವರ್
- 15 ವ್ಯಾಟ್‌ನ ಜಿಪಿಎಸ್–ಫಿಶ್ ಫೈಂಡರ್: 150
- ಲಂಗರು ಹಾಕಿದಾಗ ಉರಿಸುವ 5 ವ್ಯಾಟ್ ದೀಪ: 50
- ವೈರ್‌ಲೆಸ್ ಕೇಳುವ ಸ್ಥಿತಿಯಲ್ಲಿ: 60
- ಮೊಬೈಲ್ ಚಾರ್ಜಿಂಗ್: 20

ಒಟ್ಟು 480 ವ್ಯಾಟ್ ಅವರ್. ಇದನ್ನು 12 ವೋಲ್ಟ್‌ನಿಂದ ಭಾಗಿಸಿದರೆ 40 ಆಂಪಿಯರ್ ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಹಾಗಾಗಿ ಬೇಕಾದದ್ದು 80. ವೈರ್‌ಲೆಸ್‌ನಲ್ಲಿ ಮಾತಾಡಲು, ಬ್ಯಾಟರಿ ಹಳೆಯದಾದಂತೆ ಶಕ್ತಿ ಕುಂದುವುದಕ್ಕೆ ಸ್ವಲ್ಪ ಕೈಯಲ್ಲಿರಲಿ ಎಂದರೆ 100 ಆಂಪಿಯರ್ ಅವರ್ ಸಾಕಾಗ್ತದೆ. ಸ್ಟಾರ್ಟಿಂಗ್ ಬ್ಯಾಟರಿಗೆ ಈ ಲೆಕ್ಕ ಬೇಡ, ಇಂಜಿನ್ ಕಂಪನಿ ಹೇಳಿದ ಸೈಜ್ ಹಾಕಿ. ಅದಕ್ಕಿಂತ ಚಿಕ್ಕದು ಬೇಡ.

24 ವೋಲ್ಟ್ ಬೋಟ್‌ಗಳಲ್ಲಿ ಆಗುವ ತಪ್ಪು

ದೊಡ್ಡ ಇಂಜಿನ್‌ಗಳಿಗೆ ಎರಡು 12 ವೋಲ್ಟ್ ಬ್ಯಾಟರಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ವೈರ್‌ಲೆಸ್ 12 ವೋಲ್ಟ್‌ನದ್ದಾದರೆ ಎರಡರಲ್ಲಿ ಒಂದು ಬ್ಯಾಟರಿಯಿಂದ ಮಾತ್ರ ವೈರ್ ಎಳೆದುಬಿಡುವುದುಂಟು. ಕೆಲಸವೇನೋ ಆಗ್ತದೆ. ಆದರೆ ಒಂದು ಬ್ಯಾಟರಿ ದಿನಾ ಖಾಲಿಯಾಗುತ್ತಾ, ಇನ್ನೊಂದು ಫುಲ್ ಇರುತ್ತದೆ. ಡೈನಮೋ ಇಬ್ಬರಿಗೂ ಒಟ್ಟಿಗೇ ಬಡಿಸುವಾಗ ಹಸಿದವನಿಗೆ ಸಾಲುವುದಿಲ್ಲ, ಹೊಟ್ಟೆ ತುಂಬಿದವನಿಗೆ ಅಜೀರ್ಣ. ಕೊನೆಗೆ ಎರಡೂ ಹಾಳು.

ಒಂದು ಬ್ಯಾಟರಿಗೆ ಪದೇ ಪದೇ ನೀರು ಹಾಕಬೇಕಾಗಿ, ಇನ್ನೊಂದು ಯಾವಾಗಲೂ ಡೌನ್ ತೋರಿಸುತ್ತಿದ್ದರೆ ಇದೇ ರೋಗ ಎಂದು ಸಂಶಯಪಡಿ. 24ರಿಂದ 12 ವೋಲ್ಟ್‌ಗೆ ಇಳಿಸುವ ಕನ್ವರ್ಟರ್ ಹಾಕಿಸುವುದು ಒಂದು ಪರಿಹಾರ. ವೈರ್‌ಲೆಸ್‌ಗೆ ಬೇರೆಯೇ ಬ್ಯಾಟರಿ ಇಡುವುದು ಇನ್ನೊಂದು. ಜೋಡಿಯಲ್ಲಿ ಒಂದು ಹೋದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹೊಸತು–ಹಳತು ಜೋಡಿಸಿದರೆ ಹಳೆಯದು ಹೊಸದನ್ನೂ ಎಳೆದುಕೊಂಡು ಹೋಗ್ತದೆ.

ಕೊಳ್ಳುವಾಗ ನೋಡಬೇಕಾದದ್ದು

ಬ್ಯಾಟರಿ ಮೇಲಿನ ತಯಾರಿ ತಿಂಗಳು ಮೊದಲು ನೋಡಿ. ಅಂಗಡಿಯಲ್ಲಿ ಆರು ತಿಂಗಳು ಚಾರ್ಜ್ ಇಲ್ಲದೆ ಕೂತದ್ದು ಅಲ್ಲೇ ಅರ್ಧ ಆಯುಷ್ಯ ಕಳೆದಿರಬಹುದು. ಮೀಟರ್ ಹಿಡಿಸಿ ವೋಲ್ಟೇಜ್ ತೋರಿಸಲು ಹೇಳಿ. ಚಾರ್ಜ್ ಆಗಿ ಬಂದ ಹೊಸ 12 ವೋಲ್ಟ್ ಬ್ಯಾಟರಿ 12.6ರ ಆಸುಪಾಸು ಇರಬೇಕು. 12.4ಕ್ಕಿಂತ ಕೆಳಗಿದ್ದರೆ ಬೇರೆ ಕೇಳಿ.

ಕಾರು, ಲಾರಿಗೆಂದು ಮಾರುವ ಬ್ಯಾಟರಿಯ ವಾರಂಟಿ ಬೋಟ್‌ನ ಬಳಕೆಗೆ ಅನ್ವಯಿಸುತ್ತದೆಯೇ ಎಂದು ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. ಬಾಯಿಮಾತು ಆರು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ.

ಇಡುವ ಜಾಗ ಮತ್ತು ವೈರಿಂಗ್

ಬಿಸಿ ಬ್ಯಾಟರಿಯ ಶತ್ರು. ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಈ ಕ್ಷೇತ್ರದ ಸಾಮಾನ್ಯ ಲೆಕ್ಕ. ಇಂಜಿನ್ ರೂಮ್‌ನಲ್ಲೇ ಇಡಬೇಕಾಗಿ ಬಂದರೂ ಹೊಗೆ ಪೈಪ್‌ನಿಂದ ದೂರ, ಗಾಳಿ ಆಡುವ ಕಡೆ ಇಡಿ. ಬೋಟ್ ತಳದಲ್ಲಿ ನೀರು ನಿಂತರೂ ಮುಟ್ಟದಷ್ಟು ಎತ್ತರ ಬೇಕು. ಸಮುದ್ರದ ಉಪ್ಪುನೀರು ಬ್ಯಾಟರಿಯೊಳಗೆ ಹೋದರೆ ಕ್ಲೋರಿನ್ ಎಂಬ ವಿಷಗಾಳಿ ಬರುತ್ತದೆ. ಮುಚ್ಚಿದ ಇಂಜಿನ್ ರೂಮ್‌ನಲ್ಲಿ ಅದು ಜೀವಕ್ಕೇ ಅಪಾಯ.

ಪ್ಲಾಸ್ಟಿಕ್ ಅಥವಾ ಫೈಬರ್ ಪೆಟ್ಟಿಗೆಯಲ್ಲಿಟ್ಟು ಬೆಲ್ಟ್ ಬಿಗಿಯಿರಿ. ಅಲುಗಾಡಿದರೆ ಒಳಗಿನ ಪ್ಲೇಟ್ ಮುರಿಯುತ್ತದೆ. ಪೆಟ್ಟಿಗೆ ಪೂರ್ತಿ ಬಂದ್ ಇರಬಾರದು, ಗ್ಯಾಸ್ ಹೊರಹೋಗಲು ಮೇಲ್ಭಾಗದಲ್ಲಿ ತೂತು ಬೇಕು. ವೈರ್ ಸಾಧ್ಯವಾದರೆ ತವರ ಲೇಪಿಸಿದ ತಾಮ್ರದ್ದಾಗಲಿ. ಬರೀ ತಾಮ್ರ ಉಪ್ಪುಗಾಳಿಗೆ ಒಳಗೊಳಗೇ ಕಪ್ಪಾಗುತ್ತಾ ಹೋಗ್ತದೆ. ಲೈಟ್, ವೈರ್‌ಲೆಸ್‌ನ ವೈರ್‌ಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ.

ಸೀಸನ್‌ನಲ್ಲಿ ಮಾಡಬೇಕಾದ ಕೆಲಸ

ನೀರು: ಪ್ರತಿ ಟ್ರಿಪ್ ಮುಗಿದ ಮೇಲೆ ಮುಚ್ಚಳ ತೆಗೆದು ನೋಡಿ. ಪ್ಲೇಟ್‌ಗಳು ಮುಳುಗಿ ಮೇಲೆ ಒಂದು ಸೆಂಟಿಮೀಟರ್‌ನಷ್ಟು ನೀರು ಇರಬೇಕು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿ ನೀರು, ಬಾಟ್ಲಿ ನೀರು ಬೇಡ. ಆಸಿಡ್ ಅಂತೂ ಬೇಡವೇ ಬೇಡ, ಆವಿಯಾಗುವುದು ನೀರು ಮಾತ್ರ. ಪ್ಲೇಟ್ ಕಾಣುತ್ತಿದ್ದರೆ ಅದು ಮುಳುಗುವಷ್ಟು ಮೊದಲು ಹಾಕಿ, ಉಳಿದದ್ದನ್ನು ಚಾರ್ಜ್ ಆದ ಮೇಲೆ ತುಂಬಿಸಿ.

ವೋಲ್ಟೇಜ್: ಸಾಧಾರಣ ಮಲ್ಟಿಮೀಟರ್ ಒಂದು ಬೋಟ್‌ನಲ್ಲಿರಲಿ. ಇಂಜಿನ್ ಆಫ್ ಮಾಡಿ ನಾಲ್ಕೈದು ಗಂಟೆ ಬಿಟ್ಟು ನೋಡಬೇಕು. 12.6 ಅಥವಾ ಮೇಲಿದ್ದರೆ ಫುಲ್. 12.4 ಎಂದರೆ ಸುಮಾರು ಮುಕ್ಕಾಲು, 12.2 ಅರ್ಧ, 12.0 ಕಾಲು ಭಾಗ. 11.8ಕ್ಕೆ ಬಂದರೆ ಖಾಲಿ ಎಂದೇ ಲೆಕ್ಕ.

ಸೆಲ್ಫ್ ಹೊಡೆಯುವಾಗ: ಒಬ್ಬರು ಮೀಟರ್ ಹಿಡಿದು ನೋಡಿ. ಫುಲ್ ಚಾರ್ಜ್ ಆಗಿದ್ದೂ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಕೊನೆಗಾಲಕ್ಕೆ ಬಂದಿದೆ.

ಇಂಜಿನ್ ಓಡುವಾಗ: 13.8ರಿಂದ 14.4 ವೋಲ್ಟ್ ತೋರಿಸಬೇಕು. 13.5ಕ್ಕಿಂತ ಕಡಿಮೆಯಾದರೆ ಬೆಲ್ಟ್, ಡೈನಮೋ ನೋಡಿಸಿ. 14.8 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತಿದೆ ಎಂದು ತಿಳಿಯಿರಿ.

ಟರ್ಮಿನಲ್: ಬಿಳಿ ಅಥವಾ ಹಸಿರು ಕಿಲುಬು ಹಿಡಿದಿದ್ದರೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒರೆಸಿ, ಒಣಗಿಸಿ. ಸೋಡಾ ನೀರು ಬ್ಯಾಟರಿಯೊಳಗೆ ಹೋಗಬಾರದು. ಕ್ಲಾಂಪ್ ಬಿಗಿದ ಮೇಲೆ ವ್ಯಾಸ್‌ಲಿನ್ ಹಚ್ಚಿ. ‘ಬ್ಯಾಟರಿ ಹೋಗಿದೆ’ ಎಂದು ತಂದದ್ದರಲ್ಲಿ ಬರೀ ಕ್ಲಾಂಪ್ ಸಡಿಲವಾದದ್ದೂ ಇರ್ತದೆ.

ಹೈಡ್ರೋಮೀಟರ್: ತಿಂಗಳಿಗೊಮ್ಮೆ ಆರೂ ಸೆಲ್‌ನ ಆಸಿಡ್ ಅಳೆಯಿರಿ. ಫುಲ್ ಚಾರ್ಜ್‌ನಲ್ಲಿ ಎಷ್ಟಿರಬೇಕು ಎಂಬುದು ಬ್ಯಾಟರಿಯ ಕಾರ್ಡ್‌ನಲ್ಲಿ ಇರುತ್ತದೆ. ಐದು ಸೆಲ್ 1.240 ತೋರಿಸಿ ಒಂದು ಮಾತ್ರ 1.180 ತೋರಿಸಿದರೆ ಆ ಸೆಲ್ ಹೋಗಿದೆ. ಎಷ್ಟು ಚಾರ್ಜ್ ಮಾಡಿದರೂ ಆ ಬ್ಯಾಟರಿಯನ್ನು ನಂಬಿ ದೂರ ಹೋಗಬೇಡಿ.

ರಜೆಗೆ ಮುಂಚೆ, ರಜೆಯಲ್ಲಿ

ಮುಖ್ಯ ಕೆಲಸ ಇದು. ಮೇ ಕೊನೆಯಲ್ಲಿ ಬೋಟ್ ಕಟ್ಟಿದ ವಾರವೇ ಮಾಡಿ ಮುಗಿಸಬೇಕು.

1. ಬ್ಯಾಟರಿ ಬಿಚ್ಚಿ ದಡಕ್ಕೆ ತನ್ನಿ. ಮೊದಲು ಮೈನಸ್ ವೈರ್, ಆಮೇಲೆ ಪ್ಲಸ್. ಮತ್ತೆ ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್.
2. ಮೇಲ್ಭಾಗ ತೊಳೆದು ಒಣಗಿಸಿ. ಉಪ್ಪು, ಎಣ್ಣೆ, ಧೂಳಿನ ಪದರದ ಮೂಲಕವೂ ಕರೆಂಟ್ ಸೋರುತ್ತದೆ.
3. ಫುಲ್ ಚಾರ್ಜ್ ಮಾಡಿ. ಕರೆಂಟ್ ಬ್ಯಾಟರಿ ಸೈಜ್‌ನ ಹತ್ತನೇ ಒಂದು ಭಾಗ ಇರಲಿ. 100 ಆಂಪಿಯರ್ ಅವರ್‌ಗೆ 10 ಆಂಪಿಯರ್. ಪೂರ್ತಿ ಖಾಲಿಯಾದದ್ದಕ್ಕೆ 10–12 ಗಂಟೆಗಿಂತ ಹೆಚ್ಚೇ ಬೇಕು. ಅರ್ಜೆಂಟ್ ಎಂದು ಎರಡು ಗಂಟೆಯಲ್ಲಿ ಜೋರಾಗಿ ತುಂಬಿಸಿದರೆ ಪ್ಲೇಟ್ ಬಾಗುತ್ತದೆ.
4. ತಂಪಾದ, ಒಣ, ಗಾಳಿ ಆಡುವ ಕೋಣೆಯಲ್ಲಿಡಿ. ಸಿಮೆಂಟ್ ನೆಲದಲ್ಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಎಂಬ ಮಾತು ಈಗಿನ ಪ್ಲಾಸ್ಟಿಕ್ ಡಬ್ಬಿಯ ಬ್ಯಾಟರಿಗೆ ಅನ್ವಯಿಸುವುದಿಲ್ಲ. ಆದರೂ ಮಳೆಗಾಲದ ತೇವ ತಾಗದಂತೆ ಹಲಗೆ ಮೇಲಿಟ್ಟರೆ ನಷ್ಟವಿಲ್ಲ.
5. ಹದಿನೈದು ದಿನಕ್ಕೊಮ್ಮೆ ಮೀಟರ್ ಹಿಡಿಯಿರಿ. 12.4ಕ್ಕೆ ಇಳಿದರೆ ಮತ್ತೆ ಚಾರ್ಜಿಗೆ ಹಾಕಿ. ಎರಡು ತಿಂಗಳಲ್ಲಿ ಹೆಚ್ಚೆಂದರೆ ಎರಡು ಸಲ.

ಬೋಟ್‌ನಲ್ಲೇ ಬಿಡುವುದು ಅನಿವಾರ್ಯವಾದರೆ ಮೈನಸ್ ವೈರನ್ನಾದರೂ ಬಿಚ್ಚಿಡಿ. ಆದರೆ ತಳದ ನೀರು ಹೊರಹಾಕುವ ಪಂಪ್ ಅದೇ ಬ್ಯಾಟರಿಯಲ್ಲಿ ತನ್ನಷ್ಟಕ್ಕೆ ಓಡುವಂತಿದ್ದರೆ ಬಿಚ್ಚುವ ಹಾಗಿಲ್ಲ. ಆಗ ವಾರಕ್ಕೊಮ್ಮೆ ಹೋಗಿ ನೋಡಲೇಬೇಕು. ಮಳೆಗೆ ಪಂಪ್ ಓಡಿ ಓಡಿ ಬ್ಯಾಟರಿ ಸತ್ತರೆ ಬೋಟ್‌ಗೇ ಕುತ್ತು.

ನಾಡದೋಣಿಯವರಿಗೆ

ನಿಷೇಧದ ಅವಧಿಯಲ್ಲಿ 10 ಅಶ್ವಶಕ್ತಿವರೆಗಿನ ಇಂಜಿನ್‌ನ ನಾಡದೋಣಿಗಳಿಗೆ ಅವಕಾಶ ಇರುವುದರಿಂದ ಅವರಿಗೆ ರಜೆಯ ಸಮಸ್ಯೆ ಕಡಿಮೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಇಂಜಿನ್‌ಗೆ ಬ್ಯಾಟರಿಯೂ ಬೇಡ. ಲೈಟ್, ಜಿಪಿಎಸ್‌ಗೆ ಇಟ್ಟ ಸಣ್ಣ ಬ್ಯಾಟರಿ ನೆನೆಯುವುದೇ ಅಲ್ಲಿನ ತೊಂದರೆ. ಸೀಲ್ ಮಾಡಿದ ಬ್ಯಾಟರಿಯನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು, ದಡಕ್ಕೆ ಬಂದ ದಿನವೇ ಚಾರ್ಜಿಗೆ ಹಾಕಬೇಕು. ‘ನಾಳೆ ಹಾಕುವ’ ಎಂದು ಖಾಲಿ ಇಟ್ಟರೆ ಅದೇ ಸಲ್ಫೇಟ್ ಕತೆ. ಸೋಲಾರ್ ಪ್ಯಾನಲ್ ಹಾಕುವುದಾದರೆ ಕಂಟ್ರೋಲರ್ ಕಡ್ಡಾಯ. ಬಿಸಿಲುಕಾಲದಲ್ಲಿ 50 ವ್ಯಾಟ್‌ನ ಪ್ಯಾನಲ್ ದಿನಕ್ಕೆ 16 ಆಂಪಿಯರ್ ಅವರ್‌ನಷ್ಟು ಕೊಡಬಹುದು. ಆಟಿ ತಿಂಗಳ ಮೋಡಕ್ಕೆ ಅದರ ಅರ್ಧವನ್ನೂ ನಿರೀಕ್ಷಿಸಬೇಡಿ.

ಲಿಥಿಯಂ ಹಾಕಬಹುದೇ?

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತೂಕದಲ್ಲಿ ಸೀಸದ್ದರ ಅರ್ಧಕ್ಕಿಂತ ಕಡಿಮೆ. ನೂರಕ್ಕೆ 80 ಭಾಗ ಬಳಸಿದರೂ ತೊಂದರೆಯಿಲ್ಲ, ಎರಡು ಸಾವಿರಕ್ಕೂ ಹೆಚ್ಚು ಸಲ ಚಾರ್ಜ್ ಆಗ್ತದೆ. ಲೈಟ್, ವೈರ್‌ಲೆಸ್‌ಗೆ ಒಳ್ಳೆಯ ಆಯ್ಕೆ. ಬೆಲೆ ಹೆಚ್ಚು. ಆದರೆ ಸೀಸದ ಬ್ಯಾಟರಿ ತೆಗೆದು ಅದೇ ವೈರ್‌ಗೆ ಸಿಕ್ಕಿಸುವಂತಿಲ್ಲ. ಅದು ಒಮ್ಮೆಲೇ ಹೆಚ್ಚು ಕರೆಂಟ್ ಎಳೆದು ಡೈನಮೋ ಬಿಸಿಯಾಗುತ್ತದೆ, ಹಾಗಾಗಿ ನಡುವೆ ಸರಿಯಾದ ಚಾರ್ಜರ್ ಬೇಕು. ಇಂಜಿನ್ ಸ್ಟಾರ್ಟಿಂಗ್‌ಗೆ ಎಂದು ಕಂಪನಿ ಬರೆದುಕೊಡದೆ ಸೆಲ್ಫ್‌ಗೆ ಬಳಸಬೇಡಿ. ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ತೋರಿಸಿ, ನಂತರ ಫಕ್ಕನೆ ಕಟ್ ಆಗುವುದರಿಂದ ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರ್ ಬೇರೆಯೇ ಬೇಕು. ರಜೆಯಲ್ಲಿ ಇದನ್ನು ಫುಲ್ ಮಾಡಿ ಇಡುವುದಲ್ಲ, ಅರ್ಧದಷ್ಟು ಚಾರ್ಜ್‌ನಲ್ಲಿ ವೈರ್ ಬಿಚ್ಚಿ ಇಡಬೇಕು.

ಎಚ್ಚರಿಕೆ

ಚಾರ್ಜ್ ಆಗುವಾಗ ಹೊರಬರುವುದು ಹೈಡ್ರೋಜನ್. ಒಂದು ಕಿಡಿ ಸಾಕು, ಬ್ಯಾಟರಿ ಸಿಡಿಯುತ್ತದೆ. ಹತ್ತಿರದಲ್ಲಿ ಬೀಡಿ, ಸಿಗರೇಟ್, ವೆಲ್ಡಿಂಗ್ ಬೇಡ. ಸ್ಪಾನರ್ ಎರಡೂ ಟರ್ಮಿನಲ್‌ಗೆ ತಾಗದಂತೆ ನೋಡಿಕೊಳ್ಳಿ. ಆಸಿಡ್ ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಸಿಹಿನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹಳೆ ಬ್ಯಾಟರಿಯ ಆಸಿಡ್ ದಕ್ಕೆಯಲ್ಲಿ ಚೆಲ್ಲುವುದು, ಸೀಸ ತೆಗೆಯಲು ಒಡೆಯುವುದು ಮಾಡಬೇಡಿ. ಸೀಸ ವಿಷ, ಮಕ್ಕಳಿಗಂತೂ ಇನ್ನೂ ಕೆಟ್ಟದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆ ತಯಾರಕರದ್ದು. ಹೊಸದು ಕೊಳ್ಳುವಾಗ ಹಳೆಯದು ಕೊಟ್ಟು ದರದಲ್ಲಿ ಕಡಿಮೆ ಮಾಡಿಸಿಕೊಳ್ಳಬಹುದು.

ಕಡಲಿಗಿಳಿಯುವ ಮುಂಚೆ

ಹೊರಡುವ ಹಿಂದಿನ ದಿನ ತಂಡೇಲರು ಹತ್ತು ನಿಮಿಷ ತೆಗೆದುಕೊಂಡು ಇಷ್ಟು ನೋಡಿದರೆ ಸಾಕು: ರಾತ್ರಿ ಕಳೆದ ಮೇಲೆ ಬ್ಯಾಟರಿ 12.6 ತೋರಿಸುತ್ತದೆಯೇ, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಮೇಲಿದೆಯೇ, ಇಂಜಿನ್ ಓಡುವಾಗ 13.8 ದಾಟುತ್ತದೆಯೇ, ವೈರ್‌ಲೆಸ್‌ನಲ್ಲಿ ಬಟನ್ ಒತ್ತಿ ಮಾತಾಡಿದಾಗ ಸೆಟ್ ನಿಲ್ಲುತ್ತದೆಯೇ. ಮಾತಾಡಿ ನೋಡಲು ತುರ್ತು ಕರೆಯ ಚಾನೆಲ್ 16 ಬಳಸಬೇಡಿ, ಬೇರೆ ಚಾನೆಲ್‌ನಲ್ಲಿ ಪಕ್ಕದ ಬೋಟ್‌ನವರನ್ನು ಕರೆಯಿರಿ.

ಮೊಬೈಲ್ ಸಿಗ್ನಲ್ ಸಿಗುವಷ್ಟು ಹತ್ತಿರದಲ್ಲಿದ್ದರೆ ಕಡಲ ಅಪಾಯಕ್ಕೆ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093ಕ್ಕೆ ಕರೆ ಮಾಡಬಹುದು. ಸಿಗ್ನಲ್ ದಾಟಿ ಹೋದ ಮೇಲೆ ಉಳಿಯುವುದು ವೈರ್‌ಲೆಸ್ ಮಾತ್ರ. ಅದಕ್ಕೆ ಬೇರೆ ಬ್ಯಾಟರಿ ಇಡದವರು ಈ ಸೀಸನ್‌ಗೆ ಮೊದಲು ಆ ಒಂದು ಕೆಲಸವನ್ನಾದರೂ ಮಾಡಿಸಿಕೊಳ್ಳುವುದು ಒಳ್ಳೆಯದು.